ಊರಿನ ಹಕ್ಕಿ, ಊರಿನವರದೇ ಲೆಕ್ಕ

ಹೊಲದಂಚಿನ ವಿದ್ಯುತ್ ತಂತಿಯ ಮೇಲೆ ಕೂತು ಮಿಡತೆಗಾಗಿ ಹೊಂಚುವ ನೀಲಕಂಠ ನಮ್ಮ ರಾಜ್ಯಪಕ್ಷಿ. ಅದು ಕಡಿಮೆಯಾಗುತ್ತಿದೆ ಎಂಬ ಅನುಮಾನ ಬಹಳ ಜನಕ್ಕೆ ಬಂದಿರಲಾರದು. ಆದರೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು, ಸಂಖ್ಯೆ ಶೇ 30ರಷ್ಟು ಅಥವಾ ಅದಕ್ಕೂ ಹೆಚ್ಚು ಕುಸಿದಿರುವ 14 ಪ್ರಭೇದಗಳ ಸಾಲಿಗೆ ನೀಲಕಂಠವನ್ನೂ ಸೇರಿಸಿತು. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇವುಗಳ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕೆಂದೂ ಹೇಳಿತು. ಈ ಮಾತಿಗೆ ಆಧಾರ ಸುಮಾರು 30,000 ಪಕ್ಷಿವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರಿಗೆ ಹಕ್ಕಿ ನೋಡುವುದು ವೃತ್ತಿಯಲ್ಲ, ಪ್ರೀತಿ. ಆ ಪ್ರೀತಿ ವಿಜ್ಞಾನವಾಗಿ ಬೆಳೆಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಹಂತ ಬ್ರಿಟಿಷರ ಕಾಲದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ ಹುಟ್ಟಿತು. ಅದರ ನಿಯತಕಾಲಿಕ 1886ರಲ್ಲಿ ಶುರುವಾಯಿತು. ತೋಟದ ಮಾಲೀಕರು, ಸೇನೆಯವರು, ಅರಣ್ಯಾಧಿಕಾರಿಗಳು ತಾವು ಕಂಡದ್ದನ್ನು ಅದಕ್ಕೆ ಬರೆದು ಕಳಿಸುತ್ತಿದ್ದರು. ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಸಿದ ಪಕ್ಷಿ ಸಮೀಕ್ಷೆಯೂ ಇದರಲ್ಲೇ ಕಂತುಗಳಾಗಿ ಬಂತು. ಆಗ ಬೆಲೆಯಿದ್ದದ್ದು ಹೊಸದಕ್ಕೆ, ಅಪರೂಪದ್ದಕ್ಕೆ. ದಿನವೂ ಅಂಗಳಕ್ಕೆ ಬರುವ ಗುಬ್ಬಿಯ ಬಗ್ಗೆ ಯಾರು ಬರೆದಾರು?

1960ರ ಸುಮಾರಿಗೆ ಜಾಫರ್ ಫತೇಹಲ್ಲಿ ಹೊರತಂದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಹಕ್ಕಿಗಳ ಬಗ್ಗೆ ಬರೆಯುವ ಬಾಗಿಲನ್ನು ಸಾಮಾನ್ಯರಿಗೂ ತೆರೆಯಿತು. 1972ರಲ್ಲಿ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಸಂಘವೊಂದು ಹುಟ್ಟಿತು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ಅವರ ರೂಢಿಯಾಯಿತು. ಹಲವರ ಟಿಪ್ಪಣಿಗಳು ಒಟ್ಟುಗೂಡಿ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಸಟಿಪ್ಪಣಿ ಪಟ್ಟಿ ಪ್ರಕಟವಾಯಿತು. ಅಷ್ಟರಲ್ಲಿ, 1987ರಿಂದ, ಪ್ರತಿ ಚಳಿಗಾಲದಲ್ಲಿ ನೀರುಹಕ್ಕಿಗಳನ್ನು ಎಣಿಸುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಕೂಡ ಆರಂಭವಾಗಿತ್ತು. ಅದೇ ಕೆರೆ, ಅದೇ ಋತು, ವರ್ಷ ವರ್ಷವೂ ಎಣಿಕೆ: ಏರಿಳಿತ ತಿಳಿಯಬೇಕಾದರೆ ಹೀಗೆ ಮರಳಿ ಮರಳಿ ನೋಡಬೇಕು ಎಂಬ ಅರಿವು ಈ ಎಣಿಕೆಗಳಿಂದ ಗಟ್ಟಿಯಾಯಿತು.

ಅಂತರ್ಜಾಲ ಬಂದಮೇಲೆ ವೇಗ ಹೆಚ್ಚಿತು. 2007ರಲ್ಲಿ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಮತ್ತು ‘ಇಂಡಿಯನ್ ಬರ್ಡ್ಸ್’ ಪತ್ರಿಕೆ ಸೇರಿ ಆರಂಭಿಸಿದ ‘ಮೈಗ್ರೆಂಟ್‌ವಾಚ್’, ವಲಸೆ ಹಕ್ಕಿಗಳನ್ನು ಮೊದಲು ಕಂಡ ದಿನ ಯಾವುದು ಎಂದು ಜನರನ್ನೇ ಕೇಳಿತು. ಮುಂಗಾರಿನ ಜೊತೆ ಬರುವ ಚಾತಕವನ್ನು ಊರೂರಿನಲ್ಲಿ ಗುರುತಿಸುವ ಕೆಲಸವೂ ಅದರಲ್ಲಿ ಸೇರಿತ್ತು. ಅದರ ಬೆನ್ನಿಗೇ ಬಂದ ‘ಸೀಸನ್‌ವಾಚ್’ ಗಿಡಮರಗಳತ್ತ ತಿರುಗಿತು. ಮಾವು, ಹಲಸು, ಕಕ್ಕೆ, ಹುಣಸೆಯಂಥ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ಗಮನಿಸಿ ಬರೆದರೆ ಸಾಕು. ಇದನ್ನು ಅತಿ ಹೆಚ್ಚು ಅಪ್ಪಿಕೊಂಡವರು ಕೇರಳದ ಶಾಲಾಮಕ್ಕಳು. ಹೂಬಿಡುವ ಕಾಲ ಹಿಂದೆಮುಂದೆ ಆಗುತ್ತಿದೆಯೆಂದು ಹಿರಿಯರು ಜಗುಲಿಯಲ್ಲಿ ಆಡುವ ಮಾತನ್ನು ಪರೀಕ್ಷಿಸಿ ನೋಡಲು ಬೇಕಾದದ್ದು ಇಂಥ ದಾಖಲೆಯೇ.

ನಿಜವಾದ ತಿರುವು ತಂದದ್ದು ವಿಧಾನ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ ‘ಇ-ಬರ್ಡ್’, ಕಂಡ ಎಲ್ಲ ಹಕ್ಕಿಗಳ ಪೂರ್ಣ ಪಟ್ಟಿ ಕೊಡಿ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎಂಬುದನ್ನೂ ಬರೆಯಿರಿ ಎನ್ನುತ್ತದೆ. ಪಟ್ಟಿ ಪೂರ್ಣವಾಗಿದ್ದರೆ ಅದರಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ನೂರು ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಇದೆ ಎಂಬ ಲೆಕ್ಕ ಹಿಡಿದು ಕಾಲದ ಉದ್ದಕ್ಕೂ ಹೋಲಿಸಬಹುದು. ಅನುಮಾನದ ದಾಖಲೆ ಬಂದರೆ ಸ್ಥಳೀಯ ಪರಿಶೀಲಕರು ಫೋಟೋ, ವಿವರ ಕೇಳುತ್ತಾರೆ. ಕಳ್ಳಬೇಟೆಯ ಭಯವಿರುವ ಪ್ರಭೇದಗಳ ತಾಣವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ಮೈಸೂರಿನ ಹವ್ಯಾಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ವಿಂಗಡಿಸಿ, ಒಂದೇ ಕ್ರಮದಲ್ಲಿ ಎಣಿಸಿ ಪಕ್ಷಿ ಅಟ್ಲಾಸ್ ತಯಾರಿಸಿದರು. ಇದರಿಂದ, ಹಕ್ಕಿ ಹೆಚ್ಚಿರುವ ಕೆರೆಗೇ ಎಲ್ಲರೂ ಹೋಗುವ ದೋಷ ತಪ್ಪಿತು. ಬಡಾವಣೆ, ಸಂತೆಬೀದಿ, ಖಾಲಿ ಸೈಟುಗಳೂ ಲೆಕ್ಕಕ್ಕೆ ಬಂದವು. ಕೇರಳದಲ್ಲಿ 2015–20ರ ನಡುವೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯಕ್ಕೆ ಇಂಥದ್ದೇ ಅಟ್ಲಾಸ್ ಸಿದ್ಧಪಡಿಸಿದರು. ಗುಬ್ಬಿ ದೇಶದೆಲ್ಲೆಡೆ ಅಳಿಯುತ್ತಿದೆ ಎಂಬ ನಂಬಿಕೆಯನ್ನು ತಿದ್ದಿದ್ದೂ ಜನರ ದಾಖಲೆಗಳೇ: ಮಹಾನಗರಗಳಲ್ಲಿ ಇಳಿದಿದ್ದರೂ ಒಟ್ಟಾರೆ ಅದು ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ನ 2020ರ ವರದಿ ತೋರಿಸಿತು.

ಹಕ್ಕಿಯಾಚೆಗೂ ಈ ಕೆಲಸ ಹರಡಿದೆ. ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’, ‘ಐನ್ಯಾಚುರಲಿಸ್ಟ್’ಗಳಲ್ಲಿ ಚಿಟ್ಟೆ, ಪತಂಗ, ಕಪ್ಪೆ, ಜೇಡ, ಕಳೆಗಿಡಗಳ ಫೋಟೋ ಹಾಕಿದರೆ ಬಲ್ಲವರು ಹೆಸರಿಸುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯು ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ತಳಿಗಳ ಜನತಾ ದಾಖಲೆ ಸಿದ್ಧಪಡಿಸಬೇಕು ಎನ್ನುತ್ತದೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಬೆಳೆಸಿದ ಈ ಕಲ್ಪನೆಯಲ್ಲಿ ಸೌದೆ ತರುವ ಹೆಂಗಸು, ಕುರಿಗಾಹಿ, ನಾಟಿವೈದ್ಯರೇ ತಜ್ಞರು. ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ 2020ರ ಜನವರಿಯ ಗಡುವಿನ ಅವಸರದಲ್ಲಿ ಎಷ್ಟೋ ಕಡೆ ಅದು ನಮೂನೆ ತುಂಬುವ ಕೆಲಸವಾಗಿ ಉಳಿಯಿತು.

ಊರಿನವರ ಅರಿವನ್ನು ನಿಜವಾಗಿ ದಾಖಲಿಸುವುದೇ ಈ ಕ್ಷೇತ್ರದ ಮುಂದಿನ ಸವಾಲು. ಆ್ಯಪುಗಳಲ್ಲಿ ದಾಖಲೆಗಳು ದಟ್ಟವಾಗಿರುವುದು ದೊಡ್ಡ ಊರುಗಳ ಸುತ್ತ ಮತ್ತು ಹೆಸರಾದ ಕಾಡುಗಳಲ್ಲಿ. ಬಯಲುಸೀಮೆಯ ಹೊಲ, ಹುಲ್ಲುಗಾವಲು, ಗೋಮಾಳಗಳಲ್ಲಿ ಅವು ತೆಳು. ಆ ಬಯಲನ್ನು ದಿನವೂ ನೋಡುವವರಲ್ಲಿ ಅರಿವಿದೆ. ಅದನ್ನು ಅವರದೇ ಮಾತಿನಲ್ಲಿ ಬರೆದಿಡುವ ಏರ್ಪಾಡು ಸಾಲದು. ಲೇಖಕ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕನ್ನಡದ ಓದುಗರ ಕೈಗೆ ಹಕ್ಕಿಗಳ ಹೆಸರು ಕೊಟ್ಟಿತು. ಇನ್ನು ಆಗಬೇಕಾದದ್ದು, ಹಳ್ಳಿಯ ಶಾಲೆ ಮತ್ತು ಪಂಚಾಯಿತಿಗಳಲ್ಲಿ ಕನ್ನಡದಲ್ಲೇ, ಪ್ರತಿವರ್ಷವೂ, ಒಂದೇ ಕ್ರಮದಲ್ಲಿ ನಡೆಯುವ ಎಣಿಕೆ. ಸಾಮಾನ್ಯವೆನಿಸುವ ಜೀವಿ ಕಡಿಮೆಯಾಗುವುದನ್ನು ಸಮಯಕ್ಕೆ ಸರಿಯಾಗಿ ಕಾಣಬಲ್ಲವರು ಅದರ ಪಕ್ಕದಲ್ಲೇ ಬದುಕುವವರು. ಅವರ ಕಣ್ಣಿಗೂ ವಿಜ್ಞಾನದಲ್ಲಿ ಸಮಪಾಲು ಸಿಗಬೇಕು.