ಏಕ್ಸರದ ವೀರಗಲ್ಲುಗಳು

ಶಿಲ್ಪವೆಂದೊಡನೆ ನಮ್ಮ ಮನಸ್ಸು ಬೇಲೂರು, ಹಳೇಬೀಡು, ಐಹೊಳೆ, ಹಂಪೆಗಳ ಕಡೆಗೆ ಹರಿಯುವುದು ಸಹಜ. ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಲ್ಲಂತೂ ಈ ಒಲವು ಇನ್ನೂ ಬಲವಾದುದು. ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋದಾಗ ಸೌಂದರ್ಯವನ್ನು ಕಂಡು ಬರುವುದು, ಉಳಿದ ಹನ್ನೊಂದು ತಿಂಗಳು ಈ ನಗರವನ್ನು ದುಡಿಮೆಯ ತಾಣವೆಂದಷ್ಟೇ ಎಣಿಸುವುದು ನಮ್ಮ ರೂಢಿಯಾಗಿದೆ. ಆದರೆ ಈ ನಗರದ ನೆಲ ಅಷ್ಟು ಬರಡಾದುದಲ್ಲ. 1931ರಲ್ಲಿ ಪರೇಲಿನ ಬಳಿ ರಸ್ತೆಯ ಕೆಲಸ ನಡೆಯುತ್ತಿದ್ದಾಗ ಮೂರು ಮೀಟರಿಗೂ ಮಿಕ್ಕ ಎತ್ತರದ, ಒಂದೇ ಕಲ್ಲಿನಲ್ಲಿ ಏಳು ರೂಪಗಳಾಗಿ ಅರಳಿದ ಶಿವಮೂರ್ತಿ ದೊರೆಯಿತು. ಗಿರಣಿ ಚಾಳುಗಳ ಆ ಬಡಾವಣೆಯ ಬಾರಾದೇವಿ ಗುಡಿಯಲ್ಲಿ ಅದು ಇಂದಿಗೂ ಪೂಜೆಗೊಳ್ಳುತ್ತಿದೆ. ಇದೇ ಬಗೆಯ, ಆದರೆ ಕನ್ನಡಿಗರ ಕಣ್ಣಿಗೆ ಇನ್ನೂ ಹತ್ತಿರದ ಒಂದು ಉದಾಹರಣೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೋರಿವಲಿಯ ಪಶ್ಚಿಮಕ್ಕೆ ಏಕ್ಸರ್ ಎಂಬ ಹಳೆಯ ಗ್ರಾಮವಿದೆ. ಇಂದು ಅದು ಉಪನಗರದಲ್ಲಿ ಕರಗಿಹೋಗಿದೆ. 1882ರಲ್ಲಿ ಪ್ರಕಟವಾದ ಠಾಣಾ ಜಿಲ್ಲೆಯ ಗೆಜೆಟಿಯರು ಇಲ್ಲಿ ಕೆರೆಯ ಪಡುವಣ ದಂಡೆಯ ಮಾವಿನ ತೋಪಿನಲ್ಲಿ ಸಾಲಾಗಿ ನಿಂತ ಆರು ಶಿಲೆಗಳನ್ನು ವರ್ಣಿಸಿದೆ. ಇವು ಈ ನೆಲದ ಕರಿಗಲ್ಲಿನಲ್ಲಿ ಕೊರೆದವು. ನಾಲ್ಕು ಕಲ್ಲುಗಳು ಸುಮಾರು 10 ಅಡಿ ಎತ್ತರ, 3 ಅಡಿ ಅಗಲ, ಉಳಿದೆರಡು ಚಿಕ್ಕವು. ನೆತ್ತಿಯಲ್ಲಿ ದೊಡ್ಡ ಕಲಶ, ಅದರ ಮೇಲೆ ಹೂಮಾಲೆಗಳನ್ನು ಹೊತ್ತು ತೇಲುವ ಆಕೃತಿಗಳು, ಕೆಳಗೆ ಪಟ್ಟಿಕೆ ಪಟ್ಟಿಕೆಯಾಗಿ ಕಿಕ್ಕಿರಿದ ಉಬ್ಬುಚಿತ್ರಗಳು.

ಇವುಗಳನ್ನು ಓದುವ ಕ್ರಮವನ್ನು ಕನ್ನಡಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಊರುಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ ಇವುಗಳ ಒಡಹುಟ್ಟುಗಳನ್ನು ನೋಡಿಯೇ ನಾವು ಬೆಳೆದಿದ್ದೇವೆ. ಲೆಕ್ಕದ ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುವ ನಮ್ಮಂಥ ನೌಕರವರ್ಗದವರು ವೀರಗಲ್ಲನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾಳಗ ಮತ್ತು ಮರಣ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ತುದಿಯಲ್ಲಿ ಕೈಲಾಸ, ಅಲ್ಲಿ ಶಿವಲಿಂಗದ ಪೂಜೆ. ಮನುಷ್ಯನೊಬ್ಬನ ಕೊನೆಯ ದಿನವನ್ನು ಇಷ್ಟು ಮಿತವಾಗಿ ಹೇಳುವ ಶಿಲ್ಪಪ್ರಕಾರ ಅಪೂರ್ವವಾದುದು.

ಏಕ್ಸರದ ವೈಶಿಷ್ಟ್ಯವೆಂದರೆ ಕಡಲು. ಕರ್ನಾಟಕದ ಒಳನಾಡಿನ ವೀರಗಲ್ಲುಗಳು ಬಹುಮಟ್ಟಿಗೆ ತುರುಗೊಳ್, ಊರಳಿವು, ಬೇಟೆ, ನೆಲದ ಯುದ್ಧಗಳನ್ನು ಸ್ಮರಿಸುತ್ತವೆ. ಕ್ರಿ.ಶ. 949-50ರ ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡುವುದನ್ನು ಬಲ್ಲೆವು. ಏಕ್ಸರದಲ್ಲಾದರೋ, ಕುದುರೆ ಆನೆಗಳ ಜೊತೆಗೆ ಹಡಗುಗಳೂ ಕಾಣಿಸಿಕೊಳ್ಳುತ್ತವೆ. ಎತ್ತರವಾದ ಹಿಂಬದಿ, ಕೂವೆಮರ, ಪಕ್ಕದಲ್ಲಿ ಸಾಲು ಹುಟ್ಟುಗಳು, ಮೇಲೆ ಆಯುಧಪಾಣಿಗಳು. ಒಂದೇ ಓರೆಯಲ್ಲಿ ಮತ್ತೆ ಮತ್ತೆ ಬರುವ ಹುಟ್ಟುಗಳ ಗೆರೆಗಳಿಂದಲೇ ಶಿಲ್ಪಿ ಕಡಲಿಗೆ ಚಲನೆಯನ್ನು ತಂದಿದ್ದಾನೆ. ಅವನ ಹೆಸರು ನಮಗೆ ಉಳಿದಿಲ್ಲ; ಆದರೆ ಹಡಗನ್ನು ಹತ್ತಿರದಿಂದ ಕಂಡವನೆಂಬುದಕ್ಕೆ ಕಲ್ಲೇ ಸಾಕ್ಷಿ.

ಯಾರ ಯುದ್ಧವಿದು? ಉತ್ತರ ಕೊಂಕಣದ ಶಿಲಾಹಾರರ ಕೊನೆಯ ಅರಸ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಕಾಳಗವಿದೆಂದು ಕೆಲವು ವಿದ್ವಾಂಸರು ತರ್ಕಿಸಿದ್ದಾರೆ. ನೆಲದಲ್ಲಿ ಸೋತ ಸೋಮೇಶ್ವರನು ಹಡಗನ್ನೇರಿ, ಕಡಲಿನಲ್ಲಿಯೇ ಮುಳುಗಿದನೆಂದು ಯಾದವರ ಮಂತ್ರಿ ಹೇಮಾದ್ರಿಯ ಗ್ರಂಥದಿಂದ ತಿಳಿಯುತ್ತದೆ. ಕಲ್ಲುಗಳಲ್ಲಿ ರಾಜನ ಹೆಸರು ದೊರೆಯದ ಕಾರಣ ಇದನ್ನು ಊಹೆಯೆಂದೇ ಭಾವಿಸುವುದು ಯುಕ್ತ. ಆದರೂ ಆನೆ ಹಡಗುಗಳೆರಡೂ ಇಲ್ಲಿರುವುದು ಆ ಊಹೆಗೆ ಬಲ ಕೊಡುತ್ತದೆ.

ಈ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಮೂಡಣ ಗುಡ್ಡಗಳಲ್ಲಿರುವ ಕನ್ಹೇರಿಯ ಗುಹೆಗಳಲ್ಲಿ ಅವರ ಪುಲ್ಲಶಕ್ತಿ, ಕಪರ್ದಿಗಳ ಹೆಸರುಗಳು ಅಮೋಘವರ್ಷನ ಹೆಸರಿನೊಡನೆ ಬರುತ್ತವೆ. 'ಕವಿರಾಜಮಾರ್ಗ' ರಚಿತವಾದುದು ಆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ. ಶಿಲಾಹಾರರ ತಾಮ್ರಪಟಗಳ ಸಂಸ್ಕೃತದ ನಡುವೆ 'ನನ್ನಿಸಮುದ್ರ', 'ಮಲಗಲಗಂಡ' ಎಂಬ ಅಚ್ಚಗನ್ನಡದ ಛಾಯೆಯ ಬಿರುದುಗಳು ಇಣಿಕುತ್ತವೆ. ಹೀಗೆಂದು ಏಕ್ಸರವನ್ನು ಕನ್ನಡದ ಆಸ್ತಿಯೆಂದು ಸಾಧಿಸಹೊರಡುವುದು ಸಲ್ಲದು. ವೀರನ ಸಾವಿಗೆ ಕಲ್ಲು ನೆಡುವ ಪದ್ಧತಿ ಕನ್ನಡ ಮರಾಠಿ ನಾಡುಗಳೆರಡಕ್ಕೂ ಸಮಾನವಾದುದು. ಮರಾಠಿಯ 'ವೀರಗಳ' ನಮ್ಮ ವೀರಗಲ್ಲೇ. ಭಾಷೆಯ ಗಡಿಗಳಿಗಾಗಿ ಎಷ್ಟೋ ವಾದಗಳು ನಡೆದ ಕಾಲದಲ್ಲಿ, ಎರಡು ಭಾಷೆಗಳವರೂ ಒಂದೇ ಬಗೆಯಾಗಿ ಓದಬಲ್ಲ ಕಲ್ಲುಗಳು ಇವೆಯೆಂಬುದೇ ದೊಡ್ಡ ಮಾತು.

ಇಂದು ಮಾವಿನ ತೋಪಿನ ಎಡೆಯನ್ನು ಮನೆಗಳು ಆಕ್ರಮಿಸಿವೆ. ಕಲ್ಲುಗಳಿಗೆ ಸಿಂಧೂರ ಬಳಿದು, ಊರಿನ ದೇವತೆಗಳೆಂದು ಜನ ಪೂಜಿಸುತ್ತಾರೆ. ಬಣ್ಣದ ದಪ್ಪದಲ್ಲಿ ಶಿಲ್ಪದ ನವುರು ಮುಚ್ಚುತ್ತದೆ, ನಿಜ. ಆದರೆ ಆ ಭಕ್ತಿಯಿಲ್ಲದಿದ್ದರೆ ಯಾವುದೋ ಕಟ್ಟಡದ ತಳಪಾಯಕ್ಕೆ ಈ ಕಲ್ಲುಗಳು ಎಂದೋ ಸಲ್ಲುತ್ತಿದ್ದವೆಂಬುದನ್ನೂ ನೆನೆಯಬೇಕು. ಪೂಜಿಸುವವರನ್ನು ದೂರುವುದರಿಂದ ಫಲವಿಲ್ಲ. ಅವರಿಗೆ ಕಲ್ಲಿನ ಕಥೆಯನ್ನು ತಿಳಿಸಿ, ಅವರ ಒಪ್ಪಿಗೆಯಿಂದಲೇ ಪ್ರತಿಯೊಂದು ಪಟ್ಟಿಕೆಯ ಅಳತೆ, ರೇಖಾಚಿತ್ರ, ಛಾಯಾಚಿತ್ರಗಳನ್ನು ತೆಗೆದಿರಿಸುವುದು ಕ್ಷೇಮಕರ. ಬೋರಿವಲಿ, ದಹಿಸರ, ಕಾಂದಿವಲಿಗಳಲ್ಲಿ ವಾಸಿಸುವ ನಮ್ಮ ಬಂಧುಗಳಿಗೆ ಇದೊಂದು ರವಿವಾರದ ಕೆಲಸ. ಹಡಗಿನ ಹುಟ್ಟುಗಳು ಸವೆದು ಅಳಿಯುವ ಮುನ್ನ ಅವುಗಳನ್ನು ಒಮ್ಮೆ ಎಣಿಸಿ ಬರೆದಿಟ್ಟರೆ, ನಾವು ಅನ್ನ ಉಣ್ಣುತ್ತಿರುವ ನೆಲಕ್ಕೆ ಅಷ್ಟಾದರೂ ಋಣ ಸಂದಂತಾದೀತು.