ನೆಲ್ಲಿಯ ಜೀವಸತ್ತ್ವ ಮತ್ತು ಹೃದಯದ ಲಯ: ಒಂದು ಸಾಕ್ಷ್ಯವಿಚಾರ

ಬೇಲೂರಿನ ದೇವಾಲಯವನ್ನು ಕಡೆದವನು ಜಕಣಾಚಾರಿಯೆಂಬ ಐತಿಹ್ಯವನ್ನು ಕೇಳದ ಕನ್ನಡಿಗರು ವಿರಳ. ಆದರೆ ಅಲ್ಲಿಯ ವಿಗ್ರಹಗಳ ಕೆಳಗಿನ ಲಿಪಿಗಳನ್ನು ಓದಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕಾಣುತ್ತವೆಯೇ ಹೊರತು ಜಕಣನ ಹೆಸರು ಕಾಣುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಕಾಲನಿರ್ಣಯಕ್ಕೆ ಆಧಾರವಾದುದು ಸಮೀಪದ ಘಟ್ಟದಹಳ್ಳಿಯಲ್ಲಿ ದೊರೆತ ಕ್ರಿ. ಶ. ೧೧೨೧ರ ಶಾಸನ. ಹಿತವಾದ ಮಾತು ಬೇರೆ, ಪ್ರಮಾಣವಾದ ಮಾತು ಬೇರೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಹೀಗೆ ಕಲಿಯುತ್ತಾರೆ. ಇದೇ ವಿವೇಕವನ್ನು ವೈದ್ಯದ ಇತಿಹಾಸಕ್ಕೂ ಅನ್ವಯಿಸಿ ನೋಡುವುದು ನಮ್ಮ ಉದ್ದೇಶ.

ಅರಸೀಕೆರೆ, ಬೇಲೂರುಗಳ ಸೀಮೆಯಲ್ಲಿ, ನಾಡಿನ ಇತರ ಭಾಗಗಳಲ್ಲಿರುವಂತೆಯೇ, ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಮಗ್ಗುಲಲ್ಲಿ ಕಾಯಿ ಸಹಿತವಾದ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುತ್ತಾರೆ. ಚರಕಸಂಹಿತೆ ನೆಲ್ಲಿಯನ್ನು ರಸಾಯನದ್ರವ್ಯವೆಂದು ಕೊಂಡಾಡಿದೆ. ಇಂತಹ ಗೌರವವುಳ್ಳ ಕಾಯಿಯನ್ನು ಹೃದಯದ ಶಸ್ತ್ರಚಿಕಿತ್ಸೆಯಾದವರಿಗೂ ಹಿತವೆಂದು ಬಂಧುಗಳು ಹೇಳಿದರೆ ಆಶ್ಚರ್ಯವಿಲ್ಲ. ಈ ಮಾತಿಗೆ ಆಧಾರವೆಷ್ಟು?

ನೆಲ್ಲಿಯಲ್ಲಿರುವ ಸಿ ಜೀವಸತ್ತ್ವದ ಚರಿತ್ರೆಯೇ ಎಚ್ಚರಿಕೆಯ ಪಾಠವಾಗಿದೆ. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸ್ಕರ್ವಿ ರೋಗಿಗಳಾದ ೧೨ ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಔಷಧವನ್ನು ಕೊಟ್ಟನು. ಕಿತ್ತಳೆ, ನಿಂಬೆಗಳನ್ನು ತಿಂದ ಜೋಡಿ ಬೇಗ ಚೇತರಿಸಿತು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ವಿಧಿಸಿದ್ದು ೧೭೯೫ರಲ್ಲಿ. ಮುಂದೆ ಸತ್ತ್ವ ಕಡಮೆಯಿರುವ ಬೇರೆ ಜಾತಿಯ ನಿಂಬೆಯನ್ನು ಬಳಸತೊಡಗಿದ ಮೇಲೆ, ೧೮೭೫-೭೬ರ ಉತ್ತರಧ್ರುವ ಯಾತ್ರೆಯಲ್ಲಿ ಸ್ಕರ್ವಿ ಮತ್ತೆ ತಲೆಯೆತ್ತಿತು. ೧೯೨೮ರಲ್ಲಿ ಸೆಂಟ್-ಗ್ಯೋರ್ಗಿ ಈ ಸತ್ತ್ವವನ್ನು ಬೇರ್ಪಡಿಸಿದನು. ನೆಲ್ಲಿಯಲ್ಲಿ ಅದು ಹೇರಳವಾಗಿರುವುದನ್ನು ೧೯೩೦ರ ದಶಕದಲ್ಲಿ ಭಾರತೀಯ ಪ್ರಯೋಗಶಾಲೆಗಳು ತೋರಿಸಿದುವು.

ಇನ್ನು ಹೃದಯದ ವಿಷಯ. ೧೯೫೩ರಲ್ಲಿ ಜಾನ್ ಗಿಬ್ಬನ್ನನು ಹೃದಯ-ಶ್ವಾಸಕೋಶ ಯಂತ್ರವನ್ನು ಬಳಸಿ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯವನ್ನು ತೆರೆದು ಚಿಕಿತ್ಸೆ ಮಾಡಿದನು. ಇಂತಹ ಶಸ್ತ್ರಚಿಕಿತ್ಸೆಯ ತರುವಾಯ, ಸಾಮಾನ್ಯವಾಗಿ ಎರಡು ಮೂರನೆಯ ದಿನಗಳಲ್ಲಿ, ಹಲವರ ಹೃತ್ಕರ್ಣಗಳು ಕ್ರಮದಪ್ಪಿ ಅದುರತೊಡಗುತ್ತವೆ. ಇದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಒದಗುವ ಭಯವುಂಟು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ದೇಹದಲ್ಲಿ ಆಗುವ ಉತ್ಕರ್ಷಣ ಇದಕ್ಕೊಂದು ಕಾರಣವಾಗಿರಬಹುದಾದುದರಿಂದ, ಅದನ್ನು ತಡೆಯುವ ಸಿ ಜೀವಸತ್ತ್ವದತ್ತ ವೈದ್ಯರ ಗಮನ ಹರಿಯಿತು.

೨೦೦೧ರಲ್ಲಿ ಅಮೆರಿಕದಲ್ಲಿ ೪೩ ಮಂದಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದಲೇ ಈ ಸತ್ತ್ವವನ್ನು ಕೊಡಲಾಯಿತು. ಅವರಲ್ಲಿ ಶೇಕಡಾ ೧೬.೩ ಮಂದಿಗೂ, ಸತ್ತ್ವವನ್ನು ಪಡೆಯದವರಲ್ಲಿ ಶೇಕಡಾ ೩೪.೯ ಮಂದಿಗೂ ಲಯಭಂಗವಾಯಿತು. ಆದರೆ ಈ ಎರಡು ಗುಂಪುಗಳು ಚೀಟಿ ಎತ್ತಿದಂತೆ ಹಂಚಿದುವಲ್ಲ. ೨೦೦೭ರಲ್ಲಿ ಇರಾನಿನ ೧೦೦ ಮಂದಿಯ ಪರೀಕ್ಷೆಯಲ್ಲಿ ಈ ಪ್ರಮಾಣಗಳು ಕ್ರಮವಾಗಿ ಶೇಕಡಾ ೪ ಮತ್ತು ೨೬. ೨೦೧೨ರಲ್ಲಿ ಅಮೆರಿಕದ ೧೮೫ ಮಂದಿಯ ಪರೀಕ್ಷೆಯಲ್ಲಿ, ಯಾರಿಗೆ ನಿಜವಾದ ಔಷಧ ದೊರೆತಿದೆಯೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನಡೆಸಿದಾಗ, ದೊರೆತ ಅಂಕಿಗಳು ೩೦.೩ ಮತ್ತು ೩೦.೨, ಎಂದರೆ ಭೇದವೇ ಇಲ್ಲ. ೨೦೧೭ರಲ್ಲಿ ಫಿನ್ಲೆಂಡಿನ ವಿದ್ವಾಂಸರು ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಅಮೆರಿಕದ ಐದು ಪರೀಕ್ಷೆಗಳಲ್ಲಿ ಪ್ರಯೋಜನ ಕಾಣಲಿಲ್ಲ. ಇತರ ದೇಶಗಳವುಗಳಲ್ಲಿ ಲಯಭಂಗ ಶೇಕಡಾ ೪೪ರಷ್ಟು ಕಡಮೆಯಾಗಿತ್ತು. ಜನರ ಆಹಾರದಲ್ಲಿ ಮೊದಲೇ ಇದ್ದ ಕೊರತೆ ಈ ಭೇದಕ್ಕೆ ಕಾರಣವಾಗಿರಬಹುದು. ಆದರೆ ಅದಿನ್ನೂ ಊಹೆಯ ಮಟ್ಟದಲ್ಲಿದೆ.

ಇಷ್ಟರಿಂದ ನಾವು ಎರಡು ಸಂಗತಿಗಳನ್ನು ನಿಶ್ಚಯಿಸಬಹುದು. ಒಂದು ದೇಶದ ಫಲಿತಾಂಶವನ್ನು ಮತ್ತೊಂದು ದೇಶಕ್ಕೆ ಹಾಗೆಯೇ ಸಾಗಿಸಲಾಗದು. ನಮ್ಮ ಜನರ ಪ್ರಶ್ನೆಗೆ ಉತ್ತರ ನಮ್ಮ ಜನರ ನಡುವೆಯೇ ದೊರೆಯಬೇಕು. ಎರಡನೆಯದಾಗಿ, ಪರೀಕ್ಷಿತವಾದುದು ಶಸ್ತ್ರಚಿಕಿತ್ಸೆಗೆ ಮೊದಲೇ ಅಳತೆಯಿಂದ ಕೊಟ್ಟ ಔಷಧ, ಮನೆಗೆ ಮರಳಿದ ಮೇಲೆ ತಿಂದ ಕಾಯಲ್ಲ. ಲಯಭಂಗದ ಭಯ ಹೆಚ್ಚಾಗಿರುವ ದಿನಗಳು ಆಸ್ಪತ್ರೆಯಲ್ಲಿಯೇ ಕಳೆದಿರುತ್ತವೆ. ಕಾಯಿಯ ಅಳತೆಯೂ ಸ್ಥಿರವಲ್ಲ: ೧೦೦ ಗ್ರಾಂ ನೆಲ್ಲಿಗೆ ೬೦೦ ಮಿಲಿಗ್ರಾಂ ಸತ್ತ್ವವೆಂದು ನಮ್ಮ ಹಳೆಯ ಆಹಾರಕೋಷ್ಟಕ ಹೇಳಿದರೆ, ೨೦೧೭ರ ಕೋಷ್ಟಕ ಸುಮಾರು ೨೫೦ ಎನ್ನುತ್ತದೆ.

ನೆಲ್ಲಿ ಉತ್ತಮ ಆಹಾರವೆಂಬುದರಲ್ಲಿ ವಿವಾದವಿಲ್ಲ. ಆದರೆ ಅದನ್ನು ನಂಬಿ ವೈದ್ಯರು ವಿಧಿಸಿದ ಔಷಧವನ್ನು ಬಿಟ್ಟ ರೋಗಿ ಪ್ರಾಣಕ್ಕೇ ಅಪಾಯವನ್ನು ತಂದುಕೊಳ್ಳಬಹುದು. ಶಿಲ್ಪಿಯ ಹೆಸರಿನಲ್ಲಿ ತಪ್ಪಿದರೆ ಗ್ರಂಥವನ್ನು ತಿದ್ದಬಹುದು. ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶ ದೊರೆಯದೆ ಹೋಗಬಹುದು. ಆದುದರಿಂದ ಸಾಕ್ಷ್ಯವನ್ನು ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಶಾಸನಗಳಿಗೆ ಮಾತ್ರ ಮೀಸಲಾಗಿಡದೆ ಮನೆಯವರೆಗೂ ಕೊಂಡೊಯ್ಯಬೇಕೆಂಬುದೇ ನಮ್ಮ ಆಶಯ.