ಡೆನ್ಮಾರ್ಕಿನ ಒಂದು ವರ್ಷದ ಊಟ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಸಂಧಿ ಇವುಗಳ ಕಥೆಯೆಂದು ನಾವೆಲ್ಲರೂ ಎಳೆಯಂದಿನಿಂದ ಓದಿ ಬಂದಿದ್ದೇವೆ. ಜನರು ಏನನ್ನು ಉಂಡು ಬದುಕಿದರು, ಆ ಊಟ ಅವರ ಆಯುಸ್ಸನ್ನು ಬೆಳೆಸಿತೋ ಕುಗ್ಗಿಸಿತೋ ಎಂಬುದನ್ನು ಚರಿತ್ರಕಾರರು ಬರೆದಿಡುವುದು ಅಪೂರ್ವ. ಒಬ್ಬನ ಊಟದ ಕ್ರಮವನ್ನು ಬದಲಾಯಿಸಿ ಫಲವನ್ನು ನೋಡುವುದು ವೈದ್ಯನಿಗೆ ಸಾಧ್ಯ. ಹತ್ತು ಜನರಿಗೂ ಆದೀತು. ಒಂದು ಇಡೀ ದೇಶದ ಊಟವನ್ನು ಬದಲಾಯಿಸಿ ನೋಡುವ ಅಧಿಕಾರ ಯಾವ ವೈದ್ಯನಿಗೂ ಇಲ್ಲ, ಇರಲೂ ಬಾರದು. ಆದರೂ ಒಮ್ಮೆ, ಯಾರೂ ಬಯಸದೆ, ಅಂಥ ಪರೀಕ್ಷೆಯೊಂದು ನಡೆದುಹೋಯಿತು. ನಡೆದ ಸ್ಥಳ ಡೆನ್ಮಾರ್ಕು, ನಡೆಸಿದ್ದು ಯುದ್ಧ, ಕಾಲ 1917ರಿಂದ 1918ರ ವರೆಗೆ. ಇಡೀ ಕಾಳನ್ನೂ ಗೆಡ್ಡೆ ಸೊಪ್ಪುಗಳನ್ನೂ ಮುಖ್ಯಾಹಾರವಾಗಿ ಮಾಡಿಕೊಂಡರೆ ಮನುಷ್ಯನಿಗೆ ಹಿತವೇ ಎಂಬ ಪ್ರಶ್ನೆ ಈಗ ಮನೆಮನೆಗಳಲ್ಲಿಯೂ ಕೇಳಿಬರುತ್ತಿರುವುದರಿಂದ, ಆ ಒಂದು ವರ್ಷದ ಸಂಗತಿಯನ್ನು ಕೊಂಚ ನಿಧಾನವಾಗಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.

ಡೆನ್ಮಾರ್ಕು ಯೂರೋಪಿನ ಉತ್ತರದಲ್ಲಿ ಜರ್ಮನಿಗೆ ಅಂಟಿಕೊಂಡಿರುವ ಸಣ್ಣ ರಾಜ್ಯ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿದ್ದ ಪ್ರಜೆಗಳು ಸುಮಾರು 30 ಲಕ್ಷ. ಹಿಂದಿನ ಕಾಲದಲ್ಲಿ ಆ ಜನರು ಧಾನ್ಯವನ್ನು ಬೆಳೆದು ಹೊರನಾಡಿಗೆ ಮಾರಿ ಜೀವಿಸುತ್ತಿದ್ದರು. 1870ರಿಂದೀಚೆಗೆ ಅಮೆರಿಕದ ಮತ್ತು ರಷ್ಯದ ಅಗ್ಗದ ಧಾನ್ಯ ಯೂರೋಪಿನ ಪೇಟೆಗಳಿಗೆ ಹರಿದುಬರಲು, ಡೇನರ ಧಾನ್ಯಕ್ಕೆ ಬೆಲೆಯಿಲ್ಲವಾಯಿತು. ಆಗ ಅವರು ಎದೆಗೆಡದೆ, ಆ ಅಗ್ಗದ ಧಾನ್ಯವನ್ನೇ ಕೊಂಡು ತಂದು ಹಸುಗಳಿಗೂ ಹಂದಿಗಳಿಗೂ ತಿನ್ನಿಸಿ, ಬೆಣ್ಣೆಯನ್ನೂ ಹಂದಿಮಾಂಸವನ್ನೂ ಇಂಗ್ಲೆಂಡಿಗೆ ಮಾರುವ ಉದ್ಯೋಗವನ್ನು ಹಿಡಿದರು. 1882ರಲ್ಲಿ ಹ್ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಮೊದಲನೆಯ ಸಹಕಾರಿ ಬೆಣ್ಣೆಯ ಕಾರ್ಖಾನೆಯೂ, 1887ರಲ್ಲಿ ಹೋರ್ಸೆನ್ಸ್ ಎಂಬ ಊರಿನಲ್ಲಿ ಮೊದಲನೆಯ ಸಹಕಾರಿ ಹಂದಿಮಾಂಸದ ಕಾರ್ಖಾನೆಯೂ ಸ್ಥಾಪಿತವಾದುವು. ನಮ್ಮ ದೇಶದಲ್ಲಿ ಸಹಕಾರ ತತ್ತ್ವವನ್ನು ಕುರಿತು ಬರೆದವರೆಲ್ಲರೂ ಡೆನ್ಮಾರ್ಕಿನ ಹೆಸರನ್ನು ಎತ್ತಿ ಹೊಗಳುವುದಕ್ಕೆ ಇದೇ ಕಾರಣ.

ಆದರೆ ಈ ಐಶ್ವರ್ಯಕ್ಕೆ ಎರಡು ಕೊರೆಗಳಿದ್ದುವು. ಮೊದಲನೆಯದು, ದೇಶದ ಬಾಳು ಹಡಗಿನ ಮೇಲೆ ನಿಂತಿತು. ಹೊರಗಿನಿಂದ ಮುಸುಕಿನ ಜೋಳವೂ ಹಿಂಡಿಯೂ ಬಾರದಿದ್ದರೆ ಕೊಟ್ಟಿಗೆಯೆಲ್ಲವೂ ಉಪವಾಸ. ಎರಡನೆಯದು, ಒಳ್ಳೆಯ ಬೆಣ್ಣೆಯನ್ನು ಇಂಗ್ಲೆಂಡಿಗೆ ಮಾರಿದ ಡೇನರ ಬಡವರು ತಮ್ಮ ರೊಟ್ಟಿಗೆ ಮಾರ್ಗರೀನ್ ಎಂಬ ಕೃತಕ ಬೆಣ್ಣೆಯನ್ನು ಸವರಿಕೊಳ್ಳುತ್ತಿದ್ದರು. ಈ ಎರಡನೆಯ ಮಾತನ್ನು ನಾವು ಈಗ ಮನಸ್ಸಿನಲ್ಲಿಟ್ಟಿರೋಣ. ಮುಂದೆ ಇದರಿಂದ ಪ್ರಯೋಜನವುಂಟು.

ಇದೇ ದೇಶದ ಪಶ್ಚಿಮ ಸೀಮೆಯ ರೈತಕುಟುಂಬದಲ್ಲಿ 1862ರಲ್ಲಿ ಹುಟ್ಟಿದವನು ಮಿಕ್ಕೆಲ್ ಹಿಂಡ್‌ಹೇಡೆ. ರೈ ಧಾನ್ಯದ ಕಪ್ಪು ರೊಟ್ಟಿ, ಬಾರ್ಲಿಯ ಗಂಜಿ, ಆಲೂಗೆಡ್ಡೆ ಇವುಗಳನ್ನು ಉಂಡು ಬೆಳೆದ ಈತ ವೈದ್ಯವಿದ್ಯೆಯನ್ನು ಕಲಿಯಲು ಹೋದಾಗ, ಗುರುಗಳು ಬೇರೆಯೇ ಪಾಠವನ್ನು ಹೇಳುತ್ತಿದ್ದರು. ದುಡಿಯುವ ಮನುಷ್ಯನಿಗೆ ದಿನಕ್ಕೆ 118 ಗ್ರಾಂ ಪ್ರೋಟೀನು ಬೇಕೇಬೇಕೆಂದು ಜರ್ಮನಿಯ ಫಾಯ್ಟ್ ಎಂಬ ಪಂಡಿತನು ವಿಧಿಸಿದ್ದನು. ಅಷ್ಟನ್ನು ಪಡೆಯಬೇಕಾದರೆ ಮಾಂಸವನ್ನು ಯಥೇಚ್ಛವಾಗಿ ತಿನ್ನಬೇಕೆಂಬುದು ಆ ಕಾಲದ ಮತ. ತನ್ನ ಊರಿನ ರೈತರು ಅದರ ಎಷ್ಟೋ ಪಾಲು ಕಡಿಮೆ ಮಾಂಸದಲ್ಲಿ ಗಟ್ಟಿಮುಟ್ಟಾಗಿ ಉತ್ತು ಬಿತ್ತು ಬಾಳುವುದನ್ನು ಕಂಡಿದ್ದ ಹಿಂಡ್‌ಹೇಡೆ ಇದನ್ನು ಒಪ್ಪಲಿಲ್ಲ. ಅವನು ತನ್ನ ಮೇಲೆಯೂ ತನ್ನ ಮನೆಯವರ ಮೇಲೆಯೂ ಪರೀಕ್ಷೆ ನಡೆಸಿದನು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಚಿಟೆಂಡನ್ ಎಂಬ ಆಚಾರ್ಯನೂ 1904ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಅಭಿಪ್ರಾಯಕ್ಕೆ ಬಂದಿದ್ದನು. ಅನಂತರ ಡೆನ್ಮಾರ್ಕಿನ ಸರ್ಕಾರವು ಕೋಪನ್‌ಹೇಗನ್ ನಗರದಲ್ಲಿ ಹಿಂಡ್‌ಹೇಡೆಗಾಗಿ ಆಹಾರಸಂಶೋಧನೆಯ ಶಾಲೆಯೊಂದನ್ನು ಏರ್ಪಡಿಸಿತು. ಅಲ್ಲಿ ಮ್ಯಾಡ್ಸನ್ ಎಂಬ ಸಹಾಯಕನು ಆಲೂಗೆಡ್ಡೆ ಮತ್ತು ಮಾರ್ಗರೀನುಗಳಿಂದಲೇ ತಿಂಗಳುಗಟ್ಟಲೆ ಜೀವಿಸಿ, ಕಷ್ಟದ ಕೆಲಸವನ್ನೂ ಮಾಡಿ ತೋರಿಸಿದನು. ಜನರು ನಕ್ಕರು, ಪಂಡಿತರು ಮುಖ ತಿರುಗಿಸಿದರು.

1917ರ ಫೆಬ್ರವರಿಯಲ್ಲಿ ಜರ್ಮನಿಯು ತನ್ನ ಜಲಾಂತರ್ಗಾಮಿ ಹಡಗುಗಳನ್ನು ಸಮುದ್ರದ ಮೇಲೆ ಕಟ್ಟಿಲ್ಲದೆ ಬಿಟ್ಟಿತು. ಏಪ್ರಿಲ್ ತಿಂಗಳಿನಲ್ಲಿ ಅಮೆರಿಕವು ಯುದ್ಧಕ್ಕಿಳಿಯಿತು. ಎರಡು ಪಕ್ಷಗಳಿಗೂ ಸೇರದ ಡೆನ್ಮಾರ್ಕಿಗೆ ಹೊರಗಿನಿಂದ ಬರುತ್ತಿದ್ದ ಧಾನ್ಯವೂ ಹಿಂಡಿಯೂ ನಿಂತುಹೋದುವು. ದೇಶದಲ್ಲಿ ಬೆಳೆದ ಧಾನ್ಯ ಮನುಷ್ಯರಿಗೂ ಪಶುಗಳಿಗೂ ಏಕಕಾಲದಲ್ಲಿ ಸಾಲುವಂತಿರಲಿಲ್ಲ. ಆಗ ಸರ್ಕಾರದವರು ಹಿಂಡ್‌ಹೇಡೆಯ ಸಲಹೆಯನ್ನು ಬೇಡಿದರು. ಅವನು ಕೊಟ್ಟ ಉತ್ತರ ಸರಳವಾದುದು: ಹಂದಿಯು ತಿಂದ ಕಾಳಿನ ಸತ್ತ್ವದಲ್ಲಿ ಅಲ್ಪಭಾಗ ಮಾತ್ರ ಮಾಂಸವಾಗಿ ಮನುಷ್ಯನಿಗೆ ಹಿಂದಿರುಗುತ್ತದೆ, ಮಿಕ್ಕುದು ನಷ್ಟ, ಆದ್ದರಿಂದ ಹಂದಿಯ ಪಾಲಿನ ಕಾಳನ್ನು ಮನುಷ್ಯನಿಗೆ ನೇರವಾಗಿ ಕೊಡಿ. ಹಿಟ್ಟಿನಿಂದ ಬೂಸಾವನ್ನು ಬೇರ್ಪಡಿಸಬೇಡಿ; ಅದೂ ಮನುಷ್ಯನ ಆಹಾರವೇ.

ಸರ್ಕಾರವು ಈ ಮಾತನ್ನು ನಡೆಸಿತು. ದೇಶದ ಹಂದಿಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕಡಿಮೆಯಾದುವು. ಹಸುಗಳನ್ನೂ ಕೆಲವು ಮಟ್ಟಿಗೆ ತಗ್ಗಿಸಿದರು, ಆದರೆ ಹಾಲಿಗಾಗಿ ಬಹುಭಾಗವನ್ನು ಉಳಿಸಿಕೊಂಡರು. ರೈ ಹಿಟ್ಟಿಗೆ ಗೋಧಿಯ ಬೂಸಾವನ್ನೂ ಬಾರ್ಲಿಯನ್ನೂ ಸೇರಿಸಿ ಒರಟಾದ ಕಪ್ಪು ರೊಟ್ಟಿಯನ್ನು ಮಾಡಿ, ತಲೆಗೆ ಇಷ್ಟೆಂದು ಪಡಿತರದಂತೆ ಹಂಚಿದರು. ಧಾನ್ಯದಿಂದಲೂ ಆಲೂಗೆಡ್ಡೆಯಿಂದಲೂ ಸಾರಾಯಿ ಕಾಯಿಸುವುದನ್ನು ತಡೆದು, ಬೀರಿನ ತಯಾರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಸಾರಾಯಿಯ ಮೇಲೆ ಹಾಕಿದ ಸುಂಕದಿಂದ ಅದರ ಬೆಲೆ ಹತ್ತು ಮಡಿಗೂ ಮೇಲೇರಿತು. ರೊಟ್ಟಿ, ಬಾರ್ಲಿಯ ಗಂಜಿ, ಆಲೂಗೆಡ್ಡೆ, ಕಾಯಿಪಲ್ಯ, ಸ್ವಲ್ಪ ಹಾಲು, ಸ್ವಲ್ಪ ಬೆಣ್ಣೆ: ಇದು ಊರಿನವರ ಊಟ. ಮಾಂಸವು ಬಡವನಿಗೆ ಬಹುಮಟ್ಟಿಗೆ ಎಟುಕದ ವಸ್ತುವಾಯಿತು.

ಫಲವೇನಾಯಿತು? ಹಸಿವಿನಿಂದ ಜನರು ಸಾಯುವರೆಂದು ಹೆದರಿದ್ದವರೇ ಹೆಚ್ಚು. 1917ರ ಅಕ್ಟೋಬರಿನಿಂದ 1918ರ ಅಕ್ಟೋಬರಿನ ವರೆಗಿನ ಲೆಕ್ಕವನ್ನು ಹಿಂಡ್‌ಹೇಡೆಯು ತೆಗೆದು, 1920ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಕೋಪನ್‌ಹೇಗನ್ ನಗರದಲ್ಲಿ 1900ರಿಂದ 1916ರ ವರೆಗಿನ ಮರಣದ ಪ್ರಮಾಣವನ್ನು 100 ಎಂದಿಟ್ಟುಕೊಂಡರೆ, ಕಟ್ಟುನಿಟ್ಟಿನ ಆ ವರ್ಷದಲ್ಲಿ ಅದು 66ಕ್ಕೆ ಇಳಿದಿತ್ತೆಂಬುದು ಅವನ ಲೆಕ್ಕ. ಯೂರೋಪೆಲ್ಲವೂ ಹೆಣಗಳನ್ನು ಎಣಿಸುತ್ತಿದ್ದಾಗ ಒಂದು ಸಣ್ಣ ದೇಶದಲ್ಲಿ ಸಾವು ಕಡಿಮೆಯಾಯಿತು. ಸಸ್ಯಾಹಾರವನ್ನು ಎತ್ತಿಹಿಡಿಯುವವರು ಅಂದಿನಿಂದ ಇಂದಿನ ವರೆಗೆ ಈ ಅಂಕಿಯನ್ನು ಮಂತ್ರದಂತೆ ಜಪಿಸುತ್ತ ಬಂದಿದ್ದಾರೆ.

ಕಥೆಯನ್ನು ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಚರಿತ್ರೆಯನ್ನು ಸತ್ಯವಾಗಿ ಓದಬೇಕೆನ್ನುವವರು ಮೂರು ಆಕ್ಷೇಪಗಳನ್ನು ಎದುರಿಸಬೇಕು.

ಮೊದಲನೆಯದು ಮದ್ಯದ ಸಂಗತಿ. ಜನರು ಮಾಂಸವನ್ನು ಬಿಟ್ಟ ವರ್ಷವೇ ಸಾರಾಯಿಯನ್ನೂ ಬಿಟ್ಟರು, ಬಿಡಬೇಕಾಯಿತು. ಸಾವು ತಗ್ಗಿದ್ದು ಕಪ್ಪು ರೊಟ್ಟಿಯಿಂದ ಎಷ್ಟು, ಬರಿದಾದ ಸೀಸೆಯಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಹಿಂಡ್‌ಹೇಡೆಯೂ ಎರಡನ್ನೂ ಕೂಡಿಸಿಯೇ ಹೇಳಿದನು. ಅವನ ಲೆಕ್ಕದಿಂದ ಮದ್ಯವನ್ನು ಮರೆಮಾಡಿ ರೊಟ್ಟಿಯನ್ನು ಮಾತ್ರ ತೋರಿಸುವವರು ನ್ಯಾಯವಾಗಿ ವಾದಿಸುವವರಲ್ಲ.

ಎರಡನೆಯದು ಜರ್ಮನಿಯ ಸಂಗತಿ. ಹಂದಿಯು ಮನುಷ್ಯನ ಆಹಾರಕ್ಕೆ ಪ್ರತಿಸ್ಪರ್ಧಿಯೆಂಬ ವಿಚಾರ ಜರ್ಮನಿಯ ಪಂಡಿತರಿಗೂ ಹೊಳೆದಿತ್ತು. 1915ರಲ್ಲಿಯೇ ಅಲ್ಲಿ ಲಕ್ಷಾಂತರ ಹಂದಿಗಳನ್ನು ಕೊಂದರು. ಆದರೂ 1916ರಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು, ಆ ಚಳಿಗಾಲದಲ್ಲಿ ನಗರದ ಜನರು ಪಶುಗಳಿಗೆ ಹಾಕುವ ಟರ್ನಿಪ್ ಜಾತಿಯ ಗೆಡ್ಡೆಯನ್ನು ತಿಂದು ಕಾಲಕಳೆಯಬೇಕಾಯಿತು. ಯುದ್ಧ ಮುಗಿಯುವುದರೊಳಗಾಗಿ ಕ್ಷಾಮದಿಂದಲೂ ಅದರ ಬೆನ್ನುಹತ್ತಿದ ರೋಗಗಳಿಂದಲೂ ಕೆಲವು ಲಕ್ಷ ಪ್ರಜೆಗಳು ತೀರಿಕೊಂಡರು. ಹಂದಿಯನ್ನು ಕೊಂದ ಮಾತ್ರಕ್ಕೆ ದೇಶ ಉಳಿಯುವುದಿಲ್ಲ. ಡೆನ್ಮಾರ್ಕಿನಲ್ಲಿ ಜನಕ್ಕೆ ತಕ್ಕ ಹೊಲವಿತ್ತು, ಯುದ್ಧದ ಹೊರೆಯಿರಲಿಲ್ಲ, ಉಳಿದ ಕಾಳು ಬಡವನ ಮನೆಯ ವರೆಗೆ ತಲಪುವ ವ್ಯವಸ್ಥೆಯಿತ್ತು. ಊಟದ ಗುಣವನ್ನು ಕುರಿತು ಮಾತನಾಡುವ ಮೊದಲು, ಊಟವು ಹೊಟ್ಟೆತುಂಬ ಉಂಟೇ ಎಂದು ಕೇಳಬೇಕು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಕರುಳಿಗೆ ತಟ್ಟುವಂಥದು. ಯುದ್ಧಕ್ಕೆ ಮುಂಚಿನಿಂದಲೂ ಡೆನ್ಮಾರ್ಕಿನ ಬಡಮಕ್ಕಳಲ್ಲಿ ಕಣ್ಣು ಒಣಗಿ, ಹುಣ್ಣಾಗಿ, ಕೊನೆಗೆ ಕುರುಡಾಗುವ ರೋಗವೊಂದು ಕಾಣಿಸಿಕೊಂಡಿತ್ತು. ಕಾರ್ಲ್ ಬ್ಲೋಕ್ ಎಂಬ ಮಕ್ಕಳ ವೈದ್ಯನು ಇದರ ಕಾರಣವನ್ನು ಹುಡುಕುತ್ತಿದ್ದನು. ಒಂದು ಮಕ್ಕಳ ಆಶ್ರಯಗೃಹದಲ್ಲಿ, ಕೆನೆಹಾಲನ್ನು ಕುಡಿದ ಮಕ್ಕಳ ಕಣ್ಣುಗಳು ಸುಖವಾಗಿದ್ದುವು; ಪಕ್ಕದ ವಿಭಾಗದಲ್ಲಿ ಮಾರ್ಗರೀನನ್ನೂ ಗಂಜಿಯನ್ನೂ ಕೆನೆ ತೆಗೆದ ಹಾಲನ್ನೂ ಉಂಡ ಮಕ್ಕಳಲ್ಲಿ ರೋಗ ಹುಟ್ಟಿತು. ಕಾಡ್ ಮೀನಿನ ಎಣ್ಣೆಯನ್ನು ಕೊಟ್ಟೊಡನೆ ಅವು ಗುಣವಾದುವು. ಬೆಣ್ಣೆಯೆಲ್ಲವೂ ಹೊರನಾಡಿಗೆ ಹೋಗುತ್ತಿದ್ದ ದೇಶದಲ್ಲಿ, ಬೆಣ್ಣೆಯ ಬೆಲೆ ಏರಿದಂತೆಲ್ಲ ಮಕ್ಕಳ ಕುರುಡುತನವೂ ಏರಿತು. 1917ರಲ್ಲಿ ಅದು ಅತಿ ಹೆಚ್ಚಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರವು ಬೆಣ್ಣೆಯನ್ನು ದೇಶದಲ್ಲಿಯೇ ನಿಲ್ಲಿಸಿ, ವಾರಕ್ಕೆ ತಲೆಗೆ 250 ಗ್ರಾಮಿನಂತೆ ಬಡವನಿಗೂ ಸಲ್ಲುವ ಬೆಲೆಗೆ ಹಂಚಿತು. ಮರುವರ್ಷ ರೋಗವು ಹೆಚ್ಚು ಕಡಿಮೆ ಮಾಯವಾಯಿತು.

ಒಂದೇ ದೇಶ, ಒಂದೇ ವರ್ಷ. ಮಾಂಸವನ್ನು ಬಿಟ್ಟುದರಿಂದ ದೊಡ್ಡವರಿಗೆ ಹಾನಿಯಾಗಲಿಲ್ಲ, ಬೆಣ್ಣೆ ದೊರೆತುದರಿಂದ ಮಕ್ಕಳ ಕಣ್ಣು ಉಳಿಯಿತು. ಹಾಗಾದರೆ ಸಸ್ಯಾಹಾರದ ವಾದವು ಬಿದ್ದುಹೋಯಿತೇ? ಇಲ್ಲವೆಂದೇ ನಮ್ಮ ಉತ್ತರ. ಆ ಮಕ್ಕಳಿಗೆ ಕೊರತೆಯಾದುದು 1913ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲ್ಪಟ್ಟ ‘ಎ’ ಜೀವಸತ್ತ್ವ. ಅದು ಬೆಣ್ಣೆಯಲ್ಲಿದೆ, ಅದನ್ನು ದೇಹವು ತಾನೇ ಮಾಡಿಕೊಳ್ಳುವುದಕ್ಕೆ ಬೇಕಾದ ಮೂಲದ್ರವ್ಯ ಹಸುರು ಸೊಪ್ಪಿನಲ್ಲಿಯೂ ಗಜ್ಜರಿಯಲ್ಲಿಯೂ ಇದೆ. ಆ ಮಕ್ಕಳು ಉಂಡದ್ದೂ ಹೆಚ್ಚಾಗಿ ಸಸ್ಯದ ಆಹಾರವೇ. ಆದರೆ ಅದು ಸತ್ತ್ವವನ್ನು ಕಳೆದುಕೊಂಡ ಆಹಾರ. ಕೆನೆ ತೆಗೆದ ಹಾಲು, ಕಾರ್ಖಾನೆಯಲ್ಲಿ ಸೋಸಿದ ಎಣ್ಣೆಯಿಂದಾದ ಮಾರ್ಗರೀನು, ಸೊಪ್ಪಿಲ್ಲದ ಗಂಜಿ. ಸಸ್ಯದ್ದೆಂಬ ಒಂದೇ ಕಾರಣಕ್ಕೆ ಯಾವ ಆಹಾರವೂ ಪೂರ್ಣವಾಗುವುದಿಲ್ಲ. ಬಿಳಿಯ ಅಕ್ಕಿ, ಸಕ್ಕರೆ, ಮೈದಾ ಹಿಟ್ಟು ಇವೂ ಸಸ್ಯದಿಂದ ಬಂದವೇ ಅಲ್ಲವೆ? ತೌಡು ಬೂಸಾಗಳನ್ನು ಕಳೆಯದ ಕಾಳು, ಬೇಳೆ, ಸೊಪ್ಪು, ತರಕಾರಿ, ಹಣ್ಣು ಇವು ಕೂಡಿದಾಗಲೇ ಆ ಹೆಸರಿಗೆ ಅರ್ಥ. ಇನ್ನೊಂದು ಮಾತನ್ನೂ ಮರೆಮಾಡಬಾರದು. 1948ರಲ್ಲಿ ಬೇರ್ಪಡಿಸಲ್ಪಟ್ಟ ‘ಬಿ 12’ ಎಂಬ ಜೀವಸತ್ತ್ವವು ಸಸ್ಯಗಳಿಂದ ನಂಬುವಷ್ಟು ಪ್ರಮಾಣದಲ್ಲಿ ದೊರೆಯುವುದಿಲ್ಲ. ಹಾಲು ಮೊಸರುಗಳನ್ನೂ ಸಂಪೂರ್ಣವಾಗಿ ತ್ಯಜಿಸುವವರು ಅದನ್ನು ಔಷಧರೂಪವಾಗಿಯೋ, ಅದನ್ನು ಬೆರಸಿದ ಆಹಾರದಿಂದಲೋ ಪಡೆಯಲೇಬೇಕು. ಇಲ್ಲವಾದರೆ ರಕ್ತವೂ ನರಗಳೂ ಕೆಡುತ್ತವೆ. ಡೇನರ 1917ರ ಊಟದಲ್ಲಿ ಹಾಲು ಪೂರ್ತಿಯಾಗಿ ಹೋಗಿರಲಿಲ್ಲವೆಂಬುದನ್ನೂ ನಾವು ಮರೆಯಕೂಡದು.

ಯುದ್ಧ ಮುಗಿಯಿತು. ಹಡಗುಗಳು ಬಂದುವು, ಅವುಗಳೊಡನೆ ಹಿಂಡಿಯೂ ಬಂದಿತು, ಕೆಲವೇ ವರ್ಷಗಳಲ್ಲಿ ಕೊಟ್ಟಿಗೆಗಳು ಮತ್ತೆ ತುಂಬಿದುವು. ಹಿಂಡ್‌ಹೇಡೆ 1945ರಲ್ಲಿ ತೀರಿಕೊಂಡನು. ಅವನ ಮಾತು ಮಾತ್ರ ಪೂರ್ತಿಯಾಗಿ ಅಳಿಯಲಿಲ್ಲ. 2008ರಲ್ಲಿ ಅಲ್ಲಿಯ ಸರ್ಕಾರ, ಆರೋಗ್ಯಸಂಘಗಳು, ಹಿಟ್ಟಿನ ಮತ್ತು ರೊಟ್ಟಿಯ ವ್ಯಾಪಾರಿಗಳು ಒಟ್ಟುಗೂಡಿ ಇಡೀ ಕಾಳಿನ ರೊಟ್ಟಿಯನ್ನು ಪ್ರಚಾರಮಾಡತೊಡಗಿದರು. ಜನರು ಅದನ್ನು ಮೊದಲಿಗಿಂತ ಬಹಳ ಹೆಚ್ಚಾಗಿ ತಿನ್ನುವಂತಾಯಿತು. 2023ರಲ್ಲಿ ಡೆನ್ಮಾರ್ಕಿನ ಸರ್ಕಾರವು ಸಸ್ಯಮೂಲದ ಆಹಾರಕ್ಕಾಗಿಯೇ ಒಂದು ರಾಷ್ಟ್ರೀಯ ಯೋಜನೆಯನ್ನು ಹೊರಡಿಸಿತು. ಹಂದಿಮಾಂಸವನ್ನು ಮಾರಿ ಸಿರಿವಂತವಾದ ದೇಶವೇ ಈ ಮಾತನ್ನಾಡಿದ್ದು ಸಣ್ಣ ಸಂಗತಿಯಲ್ಲ.

ಅದೇ 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ ಕಿರುಧಾನ್ಯಗಳ ವರ್ಷವೆಂದು ಆಚರಿಸಿತು. ಆಗ ನಮ್ಮ ಪಟ್ಟಣಿಗರಲ್ಲಿ ಎಷ್ಟೋ ಜನ ರಾಗಿಯನ್ನು ಹೊಸದಾಗಿ ಕಂಡವರಂತೆ ಕೊಂಡಾಡಿದರು. ಮೈಸೂರು ಸೀಮೆಯ ಒಕ್ಕಲಿಗನು ಉಣ್ಣುತ್ತಿದ್ದ ಮುದ್ದೆ, ಸೊಪ್ಪಿನ ಸಾರು, ಅವರೆಯ ಕಾಳು, ಮೇಲೊಂದಿಷ್ಟು ಮಜ್ಜಿಗೆ ಇವು ಡೇನರ ಕಪ್ಪು ರೊಟ್ಟಿಗೂ ಗಂಜಿಗೂ ದೂರದ ನೆಂಟರು. ರಾಗಿಯ ಕಾಳು ಬಹು ಸಣ್ಣದಾದುದರಿಂದ ಮನೆಯ ಬೀಸುಕಲ್ಲು ಅದರ ಹೊಟ್ಟನ್ನು ಬೇರ್ಪಡಿಸಲಾರದೆ ಎಲ್ಲವನ್ನೂ ಕೂಡಿಯೇ ಬೀಸಿತು. ಬಡವನಿಗೆ ಸತ್ತ್ವ ಉಳಿಯಿತು. ಅನುಕೂಲವಂತರು ಅದನ್ನು ಬಡವರ ಹಿಟ್ಟೆಂದು ಕರೆದು, ಬಿಳಿಯ ಅನ್ನವನ್ನು ಗೌರವದ ಊಟವೆಂದರು.

ಡೇನರು ಕಪ್ಪು ರೊಟ್ಟಿಯನ್ನು ಯುದ್ಧದ ಬಲವಂತದಿಂದ ಉಂಡರು. ಬಲವಂತವಿಲ್ಲದ ಕಾಲದಲ್ಲಿ ನಾವು ಅರಿವಿನಿಂದ ಅದನ್ನು ಆರಿಸಿಕೊಳ್ಳಬಲ್ಲೆವೇ ಎಂಬುದೇ ಪ್ರಶ್ನೆ. ಆರಿಸಿಕೊಳ್ಳುವವರು ಅರ್ಧ ಪಾಠವನ್ನು ಕಲಿಯಬಾರದು. ಹಿಂಡ್‌ಹೇಡೆಯ 66 ಎಂಬ ಅಂಕಿಯ ಪಕ್ಕದಲ್ಲಿ, ಬ್ಲೋಕನು ಕಂಡ ಆ ಮಕ್ಕಳ ಕಣ್ಣುಗಳನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಹೊಟ್ಟೆತುಂಬ ಕಾಳು, ದಿನವೂ ಸೊಪ್ಪು, ಕೊರತೆಯಾದುದನ್ನು ತಿಳಿದು ತುಂಬಿಕೊಳ್ಳುವ ವಿವೇಕ: ಈ ಮೂರೂ ಕೂಡಿದ ಮನೆಯಲ್ಲಿ, ಬೂಸಾವೆಂದು ದನದ ಬಾನಿಗೆ ಸುರಿಯುತ್ತಿದ್ದುದರ ಬೆಲೆ ಏನೆಂಬುದು ಯುದ್ಧವಿಲ್ಲದೆಯೂ ತಿಳಿದೀತು.